ಹೆಬ್ಬೆರಳಿನ ಅಡಿಯ ನಲ್ಲಿ

ಪ್ಲಾಸ್ಟಿಕ್ ಸಾಮಾನಿನ ಅಂಗಡಿಗಳಲ್ಲಿ ಬಕೆಟ್ಟು, ಮೊರ, ಪೊರಕೆಗಳ ಪಕ್ಕ ಈಚೆಗೆ ಒಂದು ಹೊಸ ಬಗೆಯ ಬ್ರಶ್ ನೇತಾಡತೊಡಗಿದೆ. ಅದರ ಹಿಡಿ ಟೊಳ್ಳು. ಎಳೆಗಳ ನಡುವೆ ಸಣ್ಣ ಸಣ್ಣ ತೂತು. ಹೆಬ್ಬೆರಳು ಕೂರುವ ಜಾಗದಲ್ಲಿ ಒಂದು ಗುಂಡಿ. ಹಿಂಬದಿಗೆ ನೀರಿನ ಪೈಪು ಸಿಕ್ಕಿಸಿದರೆ ಉಜ್ಜುತ್ತಲೇ ನೀರು ಬಿಡಬಹುದು. ಅಡುಗೆಮನೆಯ ಚಿಕ್ಕ ಬ್ರಶ್ಶಾದರೆ ಹಿಡಿಯೊಳಗೇ ಪಾತ್ರೆ ತೊಳೆಯುವ ಲಿಕ್ವಿಡ್ ತುಂಬಿಕೊಳ್ಳಬಹುದು. ಅಂಗಡಿಯವರ ವರ್ಣನೆ ಒಂದೇ ಸಾಲಿನದು: "ಉಜ್ಜೋದೂ ಇದೇ, ತೊಳೆಯೋದೂ ಇದೇ ಅಕ್ಕ." ಕೊಳ್ಳುವವರು ಎಳೆಯನ್ನು ಬೆರಳಲ್ಲಿ ಸವರಿ, ಗಟ್ಟಿ ಇದೆಯೋ ಮೆತ್ತಗಿದೆಯೋ ನೋಡಿ, ಚೌಕಾಸಿ ಮಾಡಿ ಒಯ್ಯುತ್ತಾರೆ. ದೇವನಹಳ್ಳಿಯಂಥ ಊರಿನಲ್ಲಿ ಮೊದಲು ನೋಡಬೇಕಾದದ್ದು ಆ ಗುಂಡಿಯನ್ನು ಎಂಬುದು ನನ್ನ ವಾದ. ಒತ್ತಿದಾಗ ನೀರು ಬಂದೇ ಬರುತ್ತದೆ. ಬಿಟ್ಟ ಕ್ಷಣ ನಿಲ್ಲುತ್ತದೆಯೇ?

ತೊಳೆಯುವುದೆಂದರೆ ಎರಡು ಕೆಲಸ ಸೇರಿ ಒಂದಾದದ್ದು. ಅಂಟಿಕೊಂಡ ಕೊಳೆಯನ್ನು ಬಿಡಿಸಬೇಕು. ಬಿಟ್ಟ ಕೊಳೆ ಅಲ್ಲೇ ಮತ್ತೆ ಕೂರದಂತೆ ಆಚೆ ಸಾಗಿಸಬೇಕು. ಮೊದಲನೆಯದರ ಬಗ್ಗೆ ಜಗತ್ತು ತುಂಬ ತಲೆ ಕೆಡಿಸಿಕೊಂಡಿದೆ. ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ 1959ರಲ್ಲಿ ಒಂದು ವೃತ್ತ ಬರೆದು ಅದನ್ನು ನಾಲ್ಕು ಪಾಲು ಮಾಡಿದ: ರಾಸಾಯನಿಕ, ಉಜ್ಜುವ ಬಲ, ಬಿಸಿ, ಸಮಯ. ಒಂದು ಪಾಲು ಕಡಿಮೆಯಾದರೆ ಉಳಿದವು ಅದನ್ನು ತುಂಬಿಕೊಡಬೇಕು. ಶುಚಿಗೊಳಿಸುವ ಕಸುಬಿನವರು ಇಂದಿಗೂ ಪಾಠ ಶುರುಮಾಡುವುದು ಈ ವೃತ್ತದಿಂದಲೇ. ನಮ್ಮ ಹಿತ್ತಿಲ ಮುಸುರೆ ಕಲ್ಲಿನ ಮುಂದೆ ಕೂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ತಳ ಹಿಡಿದ ತಪ್ಪಲೆಗೆ ನೀರು ಹಾಕಿ ನೆನೆಯಲು ಬಿಟ್ಟರೆ ಅದು ಸಮಯ. ಒಲೆಯ ಬೂದಿ ರಾಸಾಯನಿಕ: ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಕ್ಷಾರವಾದ್ದರಿಂದ ಜಿಡ್ಡನ್ನು ಒಂದಷ್ಟು ಸೋಪನ್ನಾಗಿಯೇ ಮಾರ್ಪಡಿಸುತ್ತದೆ. ತೆಂಗಿನ ನಾರು, ಒಣಗಿದ ತುಪ್ಪದ ಹೀರೆಯ ನಾರು ಬಲದ ಪಾಲಿಗೆ. ಹಿತ್ತಾಳೆ ತಾಮ್ರಕ್ಕೆ ಹುಣಸೆಹಣ್ಣು. ಅದರ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ.

ಸಿನ್ನರ್ ವೃತ್ತದಲ್ಲಿ ಜಾಲಿಸುವುದಕ್ಕೆ ಪಾಲಿಲ್ಲ. ನೀರು ಹೇಗೂ ಇದ್ದೇ ಇರುತ್ತದೆ ಎಂದು ಹಿಡಿದಂತಿದೆ. ಹೆಂಕೆಲ್ ಇರುವ ಡ್ಯೂಸೆಲ್‌ಡಾರ್ಫ್ ರೈನ್ ನದಿಯ ದಂಡೆಯ ಊರು, ಅಲ್ಲಿ ಕೂತವರಿಗೆ ಹಾಗನ್ನಿಸುವುದು ಸಹಜ. ದೇವನಹಳ್ಳಿ ತಾಲ್ಲೂಕಿನಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಕ್ಕದ ನಂದಿಬೆಟ್ಟದ ಸೀಮೆಯಲ್ಲಿ ಅರ್ಕಾವತಿ, ದಕ್ಷಿಣ ಪಿನಾಕಿನಿಗಳು ಹುಟ್ಟುತ್ತವೆ ಎಂದು ಹೆಮ್ಮೆಪಡಬಹುದಷ್ಟೇ. ಬಕೆಟ್ ತುಂಬುವುದು ಬೋರ್‌ವೆಲ್ಲಿನಿಂದ, ಅದು ಕೈಕೊಟ್ಟರೆ ಟ್ಯಾಂಕರಿನಿಂದ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಈ ಕಡೆಯ ಕೆರೆಗಳಿಗೆ ಹರಿಸುವ ಯೋಜನೆ ಬಂದ ಮೇಲೆ ದೇವನಹಳ್ಳಿಯ ಸಿಹಿನೀರು ಕೆರೆ ತುಂಬಿತು, ಬದಿಯ ಹಳೆಯ ಬಾವಿಗೆ ಮತ್ತೆ ನೀರು ಬಂತು, ಅದನ್ನು ಶುದ್ಧೀಕರಿಸಿ ಪಟ್ಟಣಕ್ಕೆ ಕೊಡುವ ಏರ್ಪಾಡೂ ಆಯಿತು. ಆದರೂ ತಾಲ್ಲೂಕಿನ ಬಹುಪಾಲು ಮನೆಗಳಲ್ಲಿ ಪಾತ್ರೆಯ ಮೇಲೆ ಬೀಳುವುದು ನೆಲದಾಳದ ನೀರೇ.

ಆ ನೀರನ್ನು ಜನ "ಉಪ್ಪು ಕಟ್ಟೋ ನೀರು" ಎನ್ನುತ್ತಾರೆ. ಕಟ್ಟುವುದು ಅಡುಗೆಯ ಉಪ್ಪಲ್ಲ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕರಗಿಸಿಕೊಂಡ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಇವುಗಳಿಂದ ಬರುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ ತನಕ ಒಪ್ಪುವಂಥದ್ದು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಸಹಿಸಬಹುದು. 600ರ ನೀರು 100 ಮಿಲಿಲೀಟರಿನಷ್ಟು ಕಾರಿನ ಬಾನೆಟ್ಟಿನ ಮೇಲೆ ಉಳಿದು ಒಣಗಿತೆನ್ನಿ. ಸುಮಾರು 60 ಮಿಲಿಗ್ರಾಂ ಸುಣ್ಣದಂಥ ಪುಡಿ ಅಲ್ಲೇ ಕೂತಿತು. ಹನಿ ಹನಿಯಾಗಿ ನಿಂತು ಒಣಗುವುದರಿಂದ ಪ್ರತಿ ಹನಿಗೂ ಒಂದು ಬಿಳಿ ಉಂಗುರ. ಹಳೆಯ ಬಗೆಯ ಸೋಪಾದರೆ ಇನ್ನೂ ಫಜೀತಿ: ಸೋಪು ಕ್ಯಾಲ್ಸಿಯಂ ಜೊತೆ ಸೇರಿ ನೀರಲ್ಲಿ ಕರಗದ ಬೂದು ಗಸಿಯಾಗುತ್ತದೆ, ಬಚ್ಚಲಿನ ಗೋಡೆಗೆ ಅಂಟುವುದು ಅದೇ. ಡಿಟರ್ಜೆಂಟ್‌ಗೆ ಈ ತೊಂದರೆ ಕಡಿಮೆ, ಉಂಗುರದ ತೊಂದರೆ ಮಾತ್ರ ತಪ್ಪದು. ಅಂದರೆ ಇಲ್ಲಿ ಗಾಜಿನ ಮೇಲೆ, ನಲ್ಲಿಯ ಮೇಲೆ ಕಾಣುವ ಕಲೆಗಳಲ್ಲಿ ಎಷ್ಟೋ ಪಾಲು ತೊಳೆದದ್ದರಿಂದಲೇ ಬಂದದ್ದು. ಅದನ್ನು ಕೊಳೆಯೆಂದುಕೊಂಡು ಮರುದಿನ ಇನ್ನೂ ಗಟ್ಟಿಯಾಗಿ ಉಜ್ಜುತ್ತೇವೆ, ಅದೇ ನೀರಿನಲ್ಲಿ ಮತ್ತೆ ತೊಳೆಯುತ್ತೇವೆ.

ಎತ್ತರದ ಗಾಜಿನ ಕಟ್ಟಡಗಳನ್ನು ತೊಳೆಯುವ ಕೆಲವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಉದ್ದದ ಕೋಲಿನ ತುದಿಗೆ ನೀರು ಹರಿಯುವ ಬ್ರಶ್ ಕಟ್ಟಿ, ಅದಕ್ಕೆ ಲವಣಗಳನ್ನೆಲ್ಲ ತೆಗೆದ ನೀರನ್ನು ಹಾಯಿಸುತ್ತಾರೆ. ಆಮೇಲೆ ಒರೆಸುವ ಗೋಜಿಲ್ಲ. ಒಣಗಿದರೆ ಉಳಿಯಲು ಆ ನೀರಿನಲ್ಲಿ ಏನೂ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಅಷ್ಟು ಐಷಾರಾಮ ಸಾಧ್ಯವಿಲ್ಲ. ಆದರೆ ಒಂದು ಸಣ್ಣ ವಿವೇಕ ಸಾಧ್ಯ: ಆರ್‌ಒ ಯಂತ್ರ ಹೊರಗೆ ಚೆಲ್ಲುವ ನೀರು, ತರಕಾರಿ ತೊಳೆದ ನೀರು ಮೊದಲ ಸುತ್ತಿಗೆ ಸಾಕು. ಆರ್‌ಒ ಚೆಲ್ಲುವ ನೀರಿನಲ್ಲಿ ಲವಣ ಇನ್ನೂ ಹೆಚ್ಚಿರುವುದರಿಂದ ಅದನ್ನು ಕೊನೆಗೆ ಬಳಸಬಾರದು. ಕೊನೆಯ ನೀರು ಮನೆಯಲ್ಲಿರುವುದರಲ್ಲಿ ಒಳ್ಳೆಯ ನೀರಾಗಿರಲಿ, ಹಿಡಿದಿಟ್ಟ ಮಳೆನೀರಾದರೆ ಇನ್ನೂ ಒಳ್ಳೆಯದು. ಅದಾದ ಮೇಲೆ ವೈಪರ್ ಎಳೆದುಬಿಡಿ. ಉಜ್ಜುವುದನ್ನೂ ತೊಳೆಯುವುದನ್ನೂ ಒಂದು ಮಾಡಿದ ಬ್ರಶ್ ಈ ಮೂರನೆಯ ಕೆಲಸವನ್ನು ಮಾಡುವುದಿಲ್ಲ, ಪೆಟ್ಟಿಗೆಯ ಮೇಲೆ ಅದನ್ನು ಬರೆದಿರುವುದೂ ಇಲ್ಲ.

ನೀರನ್ನು ಎಷ್ಟು ಸುರಿದೆವು ಎಂಬುದಕ್ಕಿಂತ ಎಷ್ಟು ಸಲ ಸುರಿದೆವು ಎಂಬುದು ಮುಖ್ಯ. ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆ ಎಂದು ಹೇಳಿದ ಅಜ್ಜಿಯರ ಲೆಕ್ಕ ಕರಾರುವಾಕ್ಕಾದದ್ದು. ಒಂದು ತಟ್ಟೆಯಲ್ಲಿ 100 ಮಿಲಿಲೀಟರ್ ಸೋಪಿನ ನೀರು ಉಳಿದಿದೆ ಅಂದುಕೊಳ್ಳಿ. 900 ಮಿಲಿಲೀಟರ್ ಒಳ್ಳೆಯ ನೀರನ್ನು ಒಂದೇ ಸಲ ಹೊಯ್ದು, ಕಲಕಿ, ಚೆಲ್ಲಿ, ಮತ್ತೆ 100 ಉಳಿಸಿದರೆ ಸೋಪು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ 900ನ್ನು 300ರಂತೆ ಮೂರು ಸಲ ಹೊಯ್ದರೆ ಪ್ರತಿ ಸಲ ನಾಲ್ಕರಲ್ಲೊಂದು ಪಾಲು ಉಳಿಯುತ್ತದೆ. ಮೂರನೆಯ ಸಲಕ್ಕೆ ಅರವತ್ನಾಲ್ಕರಲ್ಲಿ ಒಂದು. ನೀರು ಅಷ್ಟೇ, ಫಲ ಆರು ಪಟ್ಟಿಗೂ ಮಿಗಿಲು. ಗುಂಡಿಯಿರುವ ಬ್ರಶ್ಶಿನ ನಿಜವಾದ ಉಪಯೋಗ ಇಲ್ಲಿದೆ. ಒತ್ತಿ, ಬಿಟ್ಟು, ನೀರು ಇಳಿದುಹೋಗಲು ಅರೆಗಳಿಗೆ ಕೊಟ್ಟು, ಮತ್ತೆ ಒತ್ತಿದರೆ ಅದು ಮೂರು ನೀರಿನ ಜಾಲಿಸುವಿಕೆ. ಒತ್ತಿ ಹಿಡಿದೇ ಇದ್ದರೆ ಪೈಪಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಗುಂಡಿಯೇ ಇಲ್ಲದ, ಸದಾ ಹರಿಯುವ ಅಗ್ಗದ ಬ್ರಶ್ಶುಗಳೂ ಇವೆ. ಅವನ್ನು ಈ ಸೀಮೆಯಲ್ಲಿ ಮಾರುವುದೇ ತಪ್ಪು ಎಂದು ನನಗನ್ನಿಸುತ್ತದೆ.

ಲೆಕ್ಕ ಬೇಕಿದ್ದರೆ ಮನೆಯ ಪೈಪನ್ನೇ ಕೇಳಬಹುದು. 15 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಒಂದು ನಿಮಿಷದಲ್ಲಿ ತುಂಬಿದರೆ, ನೀರು ಬಿಟ್ಟುಕೊಂಡೇ ಹತ್ತು ನಿಮಿಷ ಕಾರು ಉಜ್ಜಿದಾಗ ಹರಿದುಹೋದದ್ದು 150 ಲೀಟರ್. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಲೆಕ್ಕಹಾಕಿರುವುದು 55 ಲೀಟರ್. ಹತ್ತಿರ ಹತ್ತಿರ ಮೂವರ ಒಂದು ದಿನದ ಸ್ನಾನ, ಅಡುಗೆ, ಬಟ್ಟೆ, ಕುಡಿಯುವ ನೀರು ಒಂದು ಕಾರಿನ ಚಕ್ರದಡಿ ಹೋಯಿತು. ಉಜ್ಜುವಾಗ ನಿಲ್ಲಿಸಿ, ಜಾಲಿಸಲು ಒಟ್ಟು ಎರಡು ನಿಮಿಷ ಮಾತ್ರ ಬಿಟ್ಟರೆ 30 ಲೀಟರ್, ಅಂದರೆ ಎರಡು ಬಕೆಟ್.

ಕಾರಿನ ಮಾತು ಬಂದದ್ದು ಸುಮ್ಮನೆ ಅಲ್ಲ. 2008ರ ಮೇ 24ರಂದು ವಿಮಾನ ನಿಲ್ದಾಣ ಶುರುವಾದಂದಿನಿಂದ ದೇವನಹಳ್ಳಿಯ ಸುತ್ತ ಹಗಲಿರುಳೂ ಕ್ಯಾಬುಗಳ ಓಡಾಟ. ಹೊಳೆಯದ ಕ್ಯಾಬಿಗೆ ಪ್ರಯಾಣಿಕರು ಸ್ಟಾರ್ ಕಡಿಮೆ ಕೊಡುತ್ತಾರೆ ಎಂಬ ಆತಂಕದಲ್ಲಿ ಚಾಲಕರು ಸಿಕ್ಕಲ್ಲಿ ನಿಲ್ಲಿಸಿ ಒರೆಸುತ್ತಿರುತ್ತಾರೆ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನ ಬರದಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ. ಅದು ಮಂಡಳಿಯ ವ್ಯಾಪ್ತಿಗೆ ಮಾತ್ರ. ಬೋರ್‌ವೆಲ್ಲಿನ ಆಳಕ್ಕೆ ಮಂಡಳಿಯ ಗಡಿ ಎಲ್ಲಿ ಗೊತ್ತಾಗಬೇಕು!

ಆದರೆ ಒಣ ಬಟ್ಟೆಯಲ್ಲಿ ಒರೆಸಿ ನೀರು ಉಳಿಸಿದೆವು ಎನ್ನುವಂತೆಯೂ ಇಲ್ಲ. ಈ ಸೀಮೆಯ ಧೂಳಿನ ಮೂಲ ನೋಡಬೇಕು. ತಾಲ್ಲೂಕಿನ ಕೊಯಿರದ ಕಲ್ಲು ಹೆಸರಾದದ್ದು. 1956ರಲ್ಲಿ ಪೂರ್ಣಗೊಂಡ ವಿಧಾನಸೌಧಕ್ಕೆ ಕಲ್ಲು ಹೋದದ್ದು ಮಲ್ಲಸಂದ್ರ ಮತ್ತು ಈ ಕೊಯಿರದಿಂದ. ಇಂಥ ಬಂಡೆ ಮಳೆ ಬಿಸಿಲಿಗೆ ಸಿಕ್ಕಿ ಸವೆಯುವಾಗ ಅದರ ಫೆಲ್ಡ್‌ಸ್ಪಾರ್ ಮೆತ್ತಗಾಗಿ ಜೇಡಿಯಾಗುತ್ತದೆ, ಕಬ್ಬಿಣದ ಅಂಶ ಮಣ್ಣಿಗೆ ಕೆಂಪು ಕೊಡುತ್ತದೆ, ಬೆಣಚುಕಲ್ಲು ಮಾತ್ರ ಜಗ್ಗದೆ ಮರಳಾಗಿ ಉಳಿಯುತ್ತದೆ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚುಕಲ್ಲಿಗೆ 7, ಕಿಟಕಿಯ ಗಾಜಿಗೆ ಸುಮಾರು 5.5, ಕಾರಿನ ಬಣ್ಣದ ಮೇಲ್ಪದರ ಅದಕ್ಕಿಂತ ಎಷ್ಟೋ ಮೆದು. ಕೆಮ್ಮಣ್ಣಿನ ಧೂಳು ಕೂತ ಕಾರನ್ನು ಒಣಗಿದ್ದಂತೆ ಉಜ್ಜಿದರೆ ಉಪ್ಪುಕಾಗದ ಎಳೆದಂತೆಯೇ. ಬ್ರಶ್ ಎಷ್ಟೇ ಮೆತ್ತಗಿರಲಿ, ಗೀರುವುದು ಬ್ರಶ್ಶಲ್ಲ, ಅದರಡಿ ಸಿಕ್ಕಿಬಿದ್ದ ಮರಳ ಕಣ. ಹಾಗಾಗಿ ಮೊದಲು ನೀರು, ಆಮೇಲೆ ಉಜ್ಜು, ಮತ್ತೆ ನೀರು. ಈ ಬ್ರಶ್ಶಿಗೆ ಹಳೆಯ ನಾರಿಗಿಂತ ಒಂದು ಮೇಲ್ಮೆಯಿದ್ದರೆ ಇದೇ: ಎಳೆಗಳ ನಡುವಿಂದಲೇ ನೀರು ಹೊರಬಂದು ಕಣಗಳನ್ನು ಹೊರಗೆ ತಳ್ಳುತ್ತದೆ. ಮಾಳಿಗೆಯ ಸೋಲಾರ್ ಫಲಕಕ್ಕೂ ಇದೇ ಕ್ರಮ. ಅಲ್ಲಿ ಬೆಳಗಿನ ತಂಪಿನಲ್ಲಿ ತೊಳೆಯಬೇಕೆಂಬುದು ಹೆಚ್ಚಿನ ನಿಯಮ. ಕಾದ ಗಾಜಿಗೆ ತಣ್ಣೀರು ಒಳ್ಳೆಯದಲ್ಲ, ಬಿಸಿಲಿನಲ್ಲಿ ಬೋರ್ ನೀರು ಕ್ಷಣದಲ್ಲಿ ಒಣಗಿ ಉಂಗುರ ಬಿಡುತ್ತದೆ. ರಸ್ತೆಬದಿಯ ವಾಟರ್ ಸರ್ವಿಸ್‌ನವರ ಪ್ರೆಶರ್ ಯಂತ್ರ ನೋಡಲು ಭಾರಿ ನೀರು ಬಳಸುವಂತೆ ಕಾಣುತ್ತದೆ, ಆದರೆ ಮನೆಬಳಕೆಯ ಅಂಥ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ 6ರಿಂದ 8 ಲೀಟರಿನಲ್ಲೇ ಕೆಲಸ ಮುಗಿಸುತ್ತವೆ. ತೆರೆದ ಪೈಪಿಗಿಂತ ಅವೇ ಮಿತವ್ಯಯಿ.

ಒತ್ತಡದ ವಿಷಯ ಬಂದಾಗ ಇನ್ನೊಂದು ಹೇಳಬೇಕು. ಆನ್‌ಲೈನಿನಲ್ಲಿ ತರಿಸಿದ ಬ್ರಶ್ ಚಿತ್ರದಲ್ಲಿ ಚಿಮ್ಮಿದಂತೆ ಮನೆಯಲ್ಲಿ ಚಿಮ್ಮುವುದಿಲ್ಲ ಎಂಬ ದೂರು ಸಾಮಾನ್ಯ. ಬ್ರಶ್ಶಿನ ತಪ್ಪಲ್ಲ. ಅಂಥವನ್ನು ಬಹುಪಾಲು ತಯಾರಿಸುವುದು ಕೊಳವೆಯಲ್ಲಿ ಸದಾ ಒತ್ತಡವಿರುವ ಊರುಗಳ ಲೆಕ್ಕಕ್ಕೆ. ನಮ್ಮಲ್ಲಿ ನೀರು ಮಾಳಿಗೆಯ ಸಿಂಟೆಕ್ಸಿನಿಂದ ತನ್ನ ಭಾರದಲ್ಲೇ ಇಳಿಯಬೇಕು. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಒಂದಂತಸ್ತಿನ ಮನೆಯಲ್ಲಿ ಟ್ಯಾಂಕು ನಾಲ್ಕು ಮೀಟರ್ ಮೇಲಿದ್ದರೆ ಸಿಗುವುದು 0.4 ಬಾರ್, ಅದರಲ್ಲೂ ಪೈಪಿನ ತಿರುವುಗಳು ಪಾಲು ಕೇಳುತ್ತವೆ. ಅಂಗಳದ ನಲ್ಲಿಯಲ್ಲಿ ಹೇಗೋ ನಡೆಯುವ ಬ್ರಶ್ ಮೊದಲ ಮಹಡಿಯಲ್ಲಿ ಜೊಲ್ಲು ಸುರಿಸುವುದು ಅದಕ್ಕೇ. ಹೆಚ್ಚು ಮತ್ತು ಸಣ್ಣ ತೂತುಗಳಿರುವ ಬ್ರಶ್ಶಿಗಿಂತ ನಾಲ್ಕಾರು ದೊಡ್ಡ ತೂತಿನದು ಇಲ್ಲಿ ವಾಸಿ.

ಇಷ್ಟೆಲ್ಲ ಗಾಜು, ಬಾನೆಟ್ಟಿನ ಮಾತಾಯಿತು. ಜಾಲಿಸುವುದು ತಪ್ಪಿದರೆ ಹಣವೇ ಹೋಗುವ ಜಾಗವೊಂದು ಇದೇ ತಾಲ್ಲೂಕಿನಲ್ಲಿದೆ: ವಿಜಯಪುರ ಸುತ್ತಿನ ರೇಷ್ಮೆ ಮನೆಗಳು. ವಿಜಯಪುರದಲ್ಲಿ ಗೂಡಿನ ಮಾರುಕಟ್ಟೆಯಿದೆ, ಸುತ್ತ ಹಿಪ್ಪುನೇರಳೆ ತೋಟಗಳಿವೆ. ಒಂದು ಬೆಳೆ ಮುಗಿದು ಗೂಡು ಬಿಡಿಸಿದ ಮೇಲೆ ಹುಳು ಮನೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲವನ್ನೂ ತೊಳೆದು ಸೋಂಕು ಕಳೆಯಬೇಕು. ಇಲ್ಲವಾದರೆ ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ ಮುಂದಿನ ಬೆಳೆಗೆ ಕಾದು ಕೂತಿರುತ್ತವೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಹೇಳುವ ದ್ರಾವಣಗಳಲ್ಲಿ ಒಂದು, ಶೇ 0.3ರಷ್ಟು ಅರಳಿದ ಸುಣ್ಣದ ನೀರಿನಲ್ಲಿ ಶೇ 2ರ ಬ್ಲೀಚಿಂಗ್ ಪೌಡರ್. 100 ಲೀಟರಿಗೆ 2 ಕಿಲೋ ಪೌಡರ್, 300 ಗ್ರಾಂ ಸುಣ್ಣ.

ಸುಣ್ಣ ಯಾಕೆಂದರೆ, ಹಾಲುತೊಂಡೆಯ ವೈರಸ್ ಪ್ರೋಟೀನಿನ ಗಟ್ಟಿ ಹರಳಿನೊಳಗೆ ಅಡಗಿರುತ್ತದೆ. ಆ ಕವಚವಿದ್ದಷ್ಟು ಕಾಲ ಮೂಲೆಯ ಧೂಳಿನಲ್ಲೂ ಬಹುದಿನ ಬದುಕಬಲ್ಲದು. ಕ್ಷಾರ ಕವಚವನ್ನು ಕರಗಿಸುತ್ತದೆ, ಬಯಲಿಗೆ ಬಂದ ವೈರಸ್ಸನ್ನು ಕ್ಲೋರಿನ್ ಮುಗಿಸುತ್ತದೆ. ಎಲ್ಲ ಸರಿ, ಆದರೆ ಕ್ಲೋರಿನ್‌ಗೆ ಮಿತ್ರ ಶತ್ರು ಭೇದವಿಲ್ಲ. ತಟ್ಟೆಯಲ್ಲಿ ಹಿಕ್ಕೆ, ಸೊಪ್ಪಿನ ಚೂರು, ಸತ್ತ ಹುಳುವಿನ ರಸ ಉಳಿದಿದ್ದರೆ ಅದು ಮೊದಲು ಅವುಗಳ ಮೇಲೆ ಖರ್ಚಾಗಿಬಿಡುತ್ತದೆ. ರೋಗಾಣುವಿನ ಸರದಿ ಬರುವಷ್ಟರಲ್ಲಿ ಸತ್ವ ಉಳಿದಿರುವುದಿಲ್ಲ. ಚೆನ್ನಾಗಿ ಉಜ್ಜಿ ಸರಿಯಾಗಿ ಜಾಲಿಸದ ತಟ್ಟೆಯ ಪಾಡೂ ಇದೇ. ಬಿಟ್ಟ ಕೊಳೆ ತೆಳ್ಳಗೆ ಹರಡಿ ತಟ್ಟೆಯ ತುಂಬ ಕೂತಿರುತ್ತದೆ, ಕಣ್ಣಿಗೆ ಮಾತ್ರ ಶುಭ್ರ. ಚಂದ್ರಿಕೆಯ ಸಂದುಗೊಂದುಗಳಿಗೆ ಬಟ್ಟೆ ಹೋಗದು, ಕೈ ಹೋಗದು. ಎಳೆಯ ತುದಿಯಿಂದಲೇ ನೀರು ಹಾಯುವ ಬ್ರಶ್ ಅಲ್ಲಿ ನಿಜಕ್ಕೂ ತನ್ನ ಬೆಲೆ ಸಂಪಾದಿಸುತ್ತದೆ. ಹುಳು ಸಾಕುವವರು ಅದನ್ನು ಕಾರಿನ ಸಾಮಾನಿನ ಅಂಗಡಿಯಿಂದಲಾದರೂ ತರಿಸಿಕೊಳ್ಳಬಹುದು. ಒಂದೇ ಎಚ್ಚರಿಕೆ: ಬ್ರಶ್ಶಿನಲ್ಲಿ ಹಾಯಿಸುವುದು ಬರೀ ನೀರಾಗಿರಲಿ. ಬ್ಲೀಚಿಂಗ್ ದ್ರಾವಣಕ್ಕೆ ಬೇರೆ ಸ್ಪ್ರೇಯರ್ ಇರಲಿ; ಗುಂಡಿಯೊಳಗಿನ ಸ್ಪ್ರಿಂಗು ಅದಕ್ಕೆ ಬೇಗ ತುಕ್ಕು ಹಿಡಿಯುತ್ತದೆ.

ಬಚ್ಚಲು ತೊಳೆಯುವವರಿಗೆ ಇದಕ್ಕಿಂತ ಗಂಭೀರ ಎಚ್ಚರಿಕೆಯೊಂದಿದೆ. ಟೈಲ್ಸಿನ ಬಿಳಿ ಕಲೆಗೆ ಆಸಿಡ್ ಹಾಕಿ, ಸಾಲದೆಂದು ಬ್ಲೀಚಿಂಗ್ ಪೌಡರ್ ಉದುರಿಸುವ ಅಭ್ಯಾಸ ಕೆಲವರಿಗಿದೆ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಜೀವಕ್ಕೆ ಸಂಚಕಾರ. ಲಿಕ್ವಿಡ್ ತುಂಬುವ ಹಿಡಿಯ ಬ್ರಶ್ಶಿನಲ್ಲಿ ಅಪಾಯ ಇನ್ನೂ ಹೆಚ್ಚು. ನಿನ್ನೆ ಒಂದು ತುಂಬಿದ್ದು ತಳದಲ್ಲಿ ಉಳಿದಿರುತ್ತದೆ, ಇವತ್ತು ಇನ್ನೊಂದನ್ನು ಹೊಯ್ಯುತ್ತೇವೆ. ಪುರಸಭೆಯ ಲೈನಿನ ನಲ್ಲಿಗೆ ನೇರವಾಗಿ ಪೈಪು ಸಿಕ್ಕಿಸಿ, ತುದಿಯನ್ನು ಸೋಪಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಹೋಗುವುದೂ ಬೇಡ. ಲೈನಿನಲ್ಲಿ ನೀರು ನಿಂತಾಗ ಅದು ಹಿಮ್ಮುಖವಾಗಿ ಹೀರಿಕೊಳ್ಳುತ್ತದೆ, ಆ ಸೋಪಿನ ನೀರು ಪಕ್ಕದ ಮನೆಯ ಕೊಡಕ್ಕೂ ಹೋಗಬಹುದು.

ಇನ್ನು ಬ್ರಶ್ಶಿನ ಆಯುಷ್ಯ. ಎಳೆ ಸವೆಯುವ ಮೊದಲೇ ಇಲ್ಲಿ ತೂತು ಮುಚ್ಚಿಹೋಗುತ್ತದೆ. ಪ್ರತಿ ಸಲ ಬಳಸಿಟ್ಟಾಗ ಒಳಗುಳಿದ ಹನಿ ಒಣಗಿ ತೂತಿನ ಬಾಯಲ್ಲಿ ಉಪ್ಪು ಕಟ್ಟುತ್ತದೆ. ಮೊದಲು ನೀರು ಓರೆಯಾಗಿ ಚಿಮ್ಮುತ್ತದೆ, ಆಮೇಲೆ ಅರ್ಧ ತೂತುಗಳು ಮೌನ. ಸೂಜಿ ಹಾಕಿ ಚುಚ್ಚಿದರೆ ತೂತು ಹಿಗ್ಗಿ ಕೆಡುತ್ತದೆ. ಹುಳಿಯಲ್ಲಿ ನೆನೆಹಾಕುವುದೇ ಮದ್ದು. ಆಮ್ಲಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುತ್ತದೆ, ಸಣ್ಣ ಗುಳ್ಳೆಗಳೇಳುವುದು ಕಣ್ಣಿಗೂ ಕಾಣುತ್ತದೆ. ಅಂಗಡಿಯ ವಿನಿಗರ್ ಆದೀತು. ಹುಣಸೆ ಕಿವುಚಿದ ನೀರು, ಹಿಂಡಿ ಬಿಟ್ಟ ನಿಂಬೆಹೋಳು ಕೂಡ ಆದೀತು. ಹುಣಸೆಯದಾದರೆ ಸೋಸಿ ಹಾಕಿ, ಅದರ ನಾರೇ ಸಿಕ್ಕಿಕೊಂಡೀತು. ಅದೇ ಹುಳಿನೀರನ್ನು ಅಮೃತಶಿಲೆಯ ನೆಲಕ್ಕೆ ಚೆಲ್ಲಬೇಡಿ. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ, ಹೊಳಪು ಹೋಗುತ್ತದೆ. ನಮ್ಮ ಕಡೆಯ ಕಲ್ಲಿನ ಮೆಟ್ಟಿಲಿಗೆ ಆ ಭಯವಿಲ್ಲ.

ಗುಂಡಿಯೊಳಗೆ ಇರುವುದು ಒಂದು ಸ್ಪ್ರಿಂಗು, ಒಂದು ರಬ್ಬರ್ ವಾಷರ್. ಹೊಸ ಬಚ್ಚಲುಗಳಲ್ಲಿ ಇರುವ ಹೆಲ್ತ್ ಫಾಸೆಟ್ಟಿನ ಒಳಗಿನದೂ ಇದೇ ಏರ್ಪಾಡು. ಒತ್ತಿದಾಗ ವಾಷರ್ ಏಳುತ್ತದೆ, ಬಿಟ್ಟಾಗ ಸ್ಪ್ರಿಂಗು ಅದನ್ನು ಕೂರಿಸುತ್ತದೆ. ಕೂರುವ ಜಾಗದಲ್ಲಿ ಉಪ್ಪಿನ ಹರಳೊಂದು ಸಿಕ್ಕಿದರೆ ಸಾಕು, ತೊಟ್ಟಿಕ್ಕಲು ಶುರು. ಬಿಡಿಸಿ ತೊಳೆಯಲು ಬರುವಂತೆ ತಿರುಪು ಹಾಕಿದ ಹಿಡಿ ಇದ್ದರೆ ಹತ್ತು ನಿಮಿಷದ ಕೆಲಸ. ಅಂಟು ಹಾಕಿ ಮುಚ್ಚಿದ ಹಿಡಿಯಾದರೆ ಎಸೆಯುವುದೇ ಗತಿ. ಅಂಗಡಿಯಲ್ಲಿ ಕೊಳ್ಳುವಾಗ ಹಿಡಿಯನ್ನು ತಿರುಗಿಸಿ ತಿರುಪು ಇದೆಯೇ ನೋಡಿ, ಬಾಯಿಂದ ಊದಿ ಗುಂಡಿ ಬಿಟ್ಟಾಗ ಗಾಳಿ ನಿಲ್ಲುತ್ತದೆಯೇ ಪರೀಕ್ಷಿಸಿ. ಜೊತೆಗೆ ಆ ವಾಷರ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಸಿಗುವುದಿಲ್ಲ ಎಂದರೆ ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಪೈಪಿನ ತುದಿಗೆ ಹಾಕುವ ಒಂದು ಗುಂಡಿ-ನಲ್ಲಿ ಕೊಂಡು, ಎಡಗೈಯಲ್ಲಿ ಅದನ್ನೂ ಬಲಗೈಯಲ್ಲಿ ಹಳೆಯ ತೆಂಗಿನ ನಾರನ್ನೂ ಹಿಡಿಯಬಹುದು.